ಉಪ್ಪಿಲ್ಲದ ಎಡೆ

ಬೆಟಗೇರಿಯ ನೇಕಾರ ಓಣಿಯಲ್ಲಿ ಕಾಲು ಬಾತ ಗಂಡಸರಿಗೇನೂ ಬರವಿರಲಿಲ್ಲ. ಹೊತ್ತು ಹುಟ್ಟಿದಾಗಿನಿಂದ ದೀಪ ಹಚ್ಚುವ ತನಕ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರ ಕಾಲು ಬಾಯದೆ ಇನ್ನೇನಾದೀತು? ಅದಕ್ಕೆ ಓಣಿಯವರು ಇಟ್ಟ ಹೆಸರು ಕುಣಿಬಾವು. ಹೆಸರಿಟ್ಟ ಮೇಲೆ ಮದ್ದೂ ಇರಬೇಕಲ್ಲ. ರಾತ್ರಿ ಔಡಲೆಣ್ಣೆ ತಿಕ್ಕುವುದು, ಬೆಳಿಗ್ಗೆ ನೂಲಿಗೆ ಹಚ್ಚಲು ಕಾಯಿಸಿದ ಗಂಜಿಯಲ್ಲಿ ಒಂದು ಚರಿಗೆ ತೆಗೆದಿಟ್ಟು, ಧಾರಾಳವಾಗಿ ಉಪ್ಪು ಹಾಕಿ, ಬಿಸಿಬಿಸಿ ಕುಡಿಯುವುದು. ಗಂಜಿ ಕುಡಿದ ನೂಲು ಹರಿಯುವುದಿಲ್ಲ, ಗಂಜಿ ಕುಡಿದ ನೇಕಾರನೂ ಹರಿಯುವುದಿಲ್ಲ ಎಂಬುದು ಬಾಬಣ್ಣನ ಮಾತು.

ಹೀಗಾಗಿ ಬಾಬಣ್ಣನ ಕಾಲು ಬಾತದ್ದನ್ನು ಮನೆಯಲ್ಲಿ ಯಾರೂ ನೋಡಲಿಲ್ಲ. ಹೆಂಡತಿ ಚೌಡವ್ವ ಎಣ್ಣೆ ತಿಕ್ಕಿದಳು, ಗಂಜಿ ಕೊಟ್ಟಳು. ಮಗ ನಾರಾಯಣಪ್ಪನ ಕಣ್ಣು ಮನೆಯ ಮೇಲೆ ಇರಲೇ ಇಲ್ಲ. ದೀಪಾವಳಿಯ ಹೊತ್ತಿಗೆ ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಸೇರುವವರಿದ್ದರು, ಮುಂಬೈ ರಾಜ್ಯದ ಋಣ ಹರಿಯುವುದಿತ್ತು. ಅವನು ಅದರ ಸಭೆ, ತೋರಣ, ಬಾವುಟಗಳಲ್ಲಿ ಮುಳುಗಿದ್ದ. ಹಿರೇವಡ್ಡಟ್ಟಿಯಿಂದ ಎರಡು ವರ್ಷದ ಹಿಂದೆ ಸೊಸೆಯಾಗಿ ಬಂದ ಸಾವಂತ್ರೆವ್ವ ಮಾವನ ಮುಖವನ್ನೇ ನೆಟ್ಟಗೆ ನೋಡಿದವಳಲ್ಲ, ಇನ್ನು ಕಾಲು ನೋಡುವ ಮಾತೆಲ್ಲಿ ಬಂತು.

ನೋಡಿದ್ದು ಐವತ್ತಾರನೆಯ ಇಸವಿಯ ದಸರೆಯ ಸಂಜೆ. ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟುವ ಹೊತ್ತು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಸಾವಂತ್ರೆವ್ವ ಮಾವನಿಗೆ ಎಲೆ ಕೊಟ್ಟು ಬಗ್ಗಿದಳು. ಎರಡೂ ಪಾದಗಳ ಮೇಲೆ ಬೆರಳೂರಿ ಎದ್ದಳು. ಎದ್ದು ನೋಡಿದರೆ ಬೆರಳು ಇಟ್ಟಲ್ಲಿ ಕುಳಿ. ನಾದಿದ ಜೋಳದ ಹಿಟ್ಟಿನ ಮೇಲೆ ಬೆರಳು ಒತ್ತಿದಂತೆ ಕುಳಿ ಬಿದ್ದು, ಬಿದ್ದದ್ದು ಹಾಗೆಯೇ ಉಳಿದಿತ್ತು. ಮಾವ ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದ, ಚೌಡವ್ವ ತಟ್ಟೆ ತಂದಳು, ಪಕ್ಕದ ಮನೆಯ ಬಣ್ಣಗಾರ ಮೌಲಾಸಾಬ ಬಂದು ಬನ್ನಿ ಕೊಟ್ಟು ಹೋದ. ಕುಳಿ ಅಲ್ಲೇ ಇತ್ತು.

ಆಗ ಸಾವಂತ್ರೆವ್ವನಿಗೆ ಉಳಿದವೂ ಒಂದೊಂದಾಗಿ ಕಣ್ಣಿಗೆ ಬಿದ್ದವು. ಮಾವ ಈಚೆಗೆ ಚಾಪೆಯ ಮೇಲೆ ಮಲಗುತ್ತಿರಲಿಲ್ಲ, ಮಗ್ಗದ ಕಂಬಕ್ಕೆ ಆನಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ. ಲಾಳಿ ನಾಲ್ಕು ಸಲ ಓಡಿದರೆ ಒಮ್ಮೆ ನಿಲ್ಲುತ್ತಿತ್ತು. ಹಿತ್ತಲಿಗೆ ಹೋಗಿ ಬಂದರೆ ಬಾಗಿಲು ಹಿಡಿದು ನಿಲ್ಲುತ್ತಿದ್ದ, ಯಾರಾದರೂ ನೋಡಿದರೆ ಬಾಗಿಲ ಚೌಕಟ್ಟಿಗೆ ಹುಳ ಹತ್ತಿದೆಯೋ ಎಂದು ಪರೀಕ್ಷೆ ಮಾಡುವವನಂತೆ ಕುಟ್ಟಿ ನೋಡುತ್ತಿದ್ದ.

ಮರುದಿನ ಬಟ್ಟೆ ಒಗೆಯುವಾಗ ಗೋಡೆಯಾಚೆಯ ಹಾಜಿರಾಬಿಗೆ ಹೇಳಿದಳು. ಮೌಲಾಸಾಬನ ಹೆಂಡತಿ ಹಾಜಿರಾಬಿ ನೂಲಿಗೆ ಬಣ್ಣ ಹಾಕಿ ಹಾಕಿ ಮೊಣಕೈವರೆಗೆ ಕೆಂಪಾದವಳು.

"ಬೆರಳು ಒತ್ತಿದ್ರ ತೆಗ್ಗು ಉಳಿತೈತೇನು?" ಎಂದು ಹಾಜಿರಾಬಿ ಒಗೆಯುವುದನ್ನು ನಿಲ್ಲಿಸಿದಳು. "ನಮ್ಮ ಅಬ್ಬಾಗೂ ಹಂಗ ಇತ್ತು. ಎಲ್ಲಾರೂ ಕುಣಿಬಾವು, ಕುಣಿಬಾವು ಅಂದ್ರು."

"ಆಮ್ಯಾಲೆ?"

"ಆಮ್ಯಾಲೇನು, ಮಣ್ಣು ಕೊಟ್ವಿ. ಜಲ್ದಿ ತೋರಿಸ್ರೆವ್ವಾ."

ಮನೆಯಲ್ಲಿ ಇದನ್ನು ಹೇಳುವುದೇ ದೊಡ್ಡ ಕೆಲಸವಾಯಿತು. ನಾರಾಯಣಪ್ಪ ಊಟಕ್ಕೆ ಕೂತಾಗ ಒಮ್ಮೆ ಹೇಳಿದಳು, ಅವನು ಬಾವುಟದ ಬಟ್ಟೆಯ ಬಗ್ಗೆ ಹೇಳುತ್ತಿದ್ದ. ಎದ್ದಾಗ ಇನ್ನೊಮ್ಮೆ ಹೇಳಿದಳು. "ನೀ ಯಾವಾಗ ಅಪ್ಪನ ಕಾಲು ಒತ್ತಿ ನೋಡಿದಿ?" ಎಂದ. ಮೂರನೆಯ ಸಲ ಅವನ ಚಪ್ಪಲಿಯನ್ನೇ ಹಿಡಿದುಕೊಂಡು ನಿಂತಳು. ಆಗ ಟಾಂಗಾ ಬಂತು.

ಚೌಡವ್ವನಿಗೆ ದವಾಖಾನೆಯ ವಾಸನೆಗೆ ತಲೆ ತಿರುಗುತ್ತಿತ್ತು. ಅದಕ್ಕೆ ಮಗನ ಜೊತೆ ಸೊಸೆಯನ್ನೇ ಕಳಿಸಿದಳು. ಗದಗಿನ ಡಾಕ್ಟರು ವಯಸ್ಸಾದವರು. ಬಾಬಣ್ಣನ ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು, ಕಾಲು ಒತ್ತಿ ನೋಡಿದರು.

"ಎಷ್ಟು ದಿಂಬು ಹಚ್ಚಿ ಮಲಗ್ತೀರಿ?"

"ನಮಗ್ಯಾಕ ದಿಂಬು? ಕಂಬಕ್ಕ ಆನಿಕೊಂಡ ಮಲಗ್ತೀನ್ರಿ. ನೇಕಾರ ಮಗ್ಗ ಬಿಟ್ಟು ಮಲಗಬಾರ್ದು."

"ಮಲಗಿದ್ರ ದಮ್ಮು ಹತ್ತತೈತ್ರಿ ಅವರಿಗೆ." ಬಾಗಿಲ ಮರೆಯಿಂದ ಸಾವಂತ್ರೆವ್ವ ಅಂದಳು. ಬಾಬಣ್ಣ ಯಾರ ದನಿ ಎಂದು ತಿರುಗಿ ನೋಡಿದ. ಎರಡು ವರ್ಷದಲ್ಲಿ ಸೊಸೆಯ ದನಿಯನ್ನು ಇಷ್ಟು ಹತ್ತಿರದಿಂದ ಅವನು ಕೇಳಿರಲಿಲ್ಲ.

"ಇದು ಕುಣಿಬಾವು ಅಲ್ಲ" ಎಂದರು ಡಾಕ್ಟರು. "ಹೃದಯ ಸೋತೈತಿ. ರಕ್ತ ಎತ್ತಾಕ ಅದರ ಕೈಲಿ ಆಗವಲ್ದು. ನೀರು ಕಾಲಾಗ ಇಳೀತೈತಿ, ಮಲಗಿದ್ರ ಎದಿಗೆ ಏರ್ತೈತಿ."

"ಸೋಲಾಕ ಅದು ಏನು ಕುಸ್ತಿ ಹಿಡದೈತ್ರಿ?"

"ನಿಮ್ಮ ಮಗ್ಗದಾಗ ನೂಲು ಬಡಿಯೂ ಹಣಿಗಿ ಉಕ್ಕಿಂದೋ, ಬಿದಿರಿಂದೋ?"

"ಉಕ್ಕಿಂದ್ರಿ. ಈಗ ಬಿದಿರಿನ ಹಣಿಗಿ ಯಾರು ಇಡ್ತಾರ?"

"ಮಳಿಗಾಲದಾಗ ಬಿಟ್ರ ಏನಾಗ್ತೈತಿ?"

"ತುಕ್ಕು. ಸೀರಿ ಮ್ಯಾಲೆ ಕಲಿ ಬೀಳ್ತೈತಿ."

"ಗಾಳಿ ಬಡದ್ರ ತುಕ್ಕು ಬರ್ತೈತಿ. ಅದ ಗಾಳಿ ನೀವು ಹುಟ್ಟಿದಾಗಿಂದ ಒಳಗ ಎಳಕೊಳ್ಳಾಕತ್ತೀರಿ. ಅದು ಇಲ್ದ ಜೀವ ಇಲ್ಲ, ಅದು ಇದ್ರ ಸವಕಳಿ ತಪ್ಪೂದಿಲ್ಲ. ವಯಸ್ಸಾದಂಗ ಒಳಗೂ ತುಕ್ಕು ಹಿಡೀತೈತಿ ಅಂತ ತಿಳೀರಿ. ಮ್ಯಾಲೆ ನೀವು ತಂಬಾಕು ಹಾಕ್ತೀರಿ, ಕರದ ಎಣ್ಣಿನ ತಿರುಗಿ ಕಾಸಿ ತಿಂತೀರಿ. ತುಕ್ಕಿಗೆ ಇನ್ನಷ್ಟು ನೀರು ಹೊಯ್ದಂಗ."

ಗುಳಿಗೆ ಬರೆದುಕೊಟ್ಟರು. ತಂಬಾಕು ಬೇಡ, ಕರಿದದ್ದು ಬೇಡ. ಹಸಿ ಸೊಪ್ಪು, ಲಿಂಬೆ, ಅಗಸೆ ಆದೀತು. ಆದರೆ ಎರಡು ಮಾತು ಮಾತ್ರ ದೇವರಾಣೆ ನಡೆಸಬೇಕು ಎಂದರು: ಉಪ್ಪು ಮುಟ್ಟಬಾರದು, ಕುಣಿಗೆ ಇಳಿಯಬಾರದು. ನಡೆಸದಿದ್ದರೆ? ಎಂದು ನಾರಾಯಣಪ್ಪ ಕೇಳಿದ. ಡಾಕ್ಟರು ಅವನನ್ನು ಹೊರಗೆ ಕರೆದು, ದೀಪಾವಳಿಯ ದೀಪ ನೋಡುವುದು ಅನುಮಾನ ಎಂದರು. ಸಾವಂತ್ರೆವ್ವನಿಗೂ ಕೇಳಿಸಿತು.

ಟಾಂಗಾದಲ್ಲಿ ಬಾಬಣ್ಣ ಖುಷಿಯಾಗಿದ್ದ.

"ಡಾಕ್ಟರ ಶಾಣ್ಯಾ ಅದಾನ. ಒಳಗ ತುಕ್ಕು ಹಿಡದೈತಿ ಅಂದ. ತುಕ್ಕಿಗೆ ಏನು ಮದ್ದು? ಎಣ್ಣಿ. ಮನಿಗೆ ಹೋದ ಕೂಡ್ಲೆ ಬಿಸಿ ಮೆಣಸಿನಕಾಯಿ ಬಜಿ ಮಾಡ್ರಿ."

"ಅಪ್ಪಾ, ಅಂವ ಎಣ್ಣಿ ಬ್ಯಾಡ ಅಂದಾನ."

"ಹಣಿಗಿ ಎಣ್ಣಿಲೆ ನೀ ಒರಸ್ತೀಯೋ, ನಾ ಒರಸ್ತೀನೋ? ನಂಗ ಕಲಿಸಬ್ಯಾಡ."

ಅಂದು ರಾತ್ರಿ ಸಾವಂತ್ರೆವ್ವ ಸಣ್ಣದೊಂದು ಗಡಿಗೆಯನ್ನು ಬೇರೆ ಒಲೆಯ ಮೇಲಿಟ್ಟಳು. ಪುಂಡಿ ಪಲ್ಲೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ. ಉಪ್ಪು ಮಾತ್ರ ಇಲ್ಲ. ತಟ್ಟೆ ಹಾಕಿ ಹಿಂದೆ ಸರಿದು ನಿಂತಳು. ಬಾಬಣ್ಣ ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿದ.

"ಯಾರು ಸತ್ತಾರ?"

ಸಾವಂತ್ರೆವ್ವ ನೀರಿನ ಚರಿಗೆ ಮುಂದೆ ಸರಿಸಿದಳು.

"ಕೇಳಾಕತ್ತೀನಿ. ಯಾರು ಸತ್ತಾರ ಈ ಮನ್ಯಾಗ?"

ಚೌಡವ್ವ ಬಂದು ತಟ್ಟೆಯಿಂದ ಒಂದು ಚೂರು ತೆಗೆದು ನಾಲಿಗೆಗೆ ಹಚ್ಚಿದಳು. ಅವಳ ಮುಖ ಸುಣ್ಣವಾಯಿತು. ಆ ಮನೆಯಲ್ಲಿ ಉಪ್ಪಿಲ್ಲದ ಅಡಿಗೆ ಆಗುತ್ತಿದ್ದುದು ವರ್ಷಕ್ಕೆ ಒಮ್ಮೆ. ದಸರೆಗೆ ಮುಂಚಿನ ಅಮಾವಾಸ್ಯೆಯಂದು, ಸತ್ತ ಹಿರಿಯರಿಗೆ ಎಡೆ ಇಡುವಾಗ. ಉಪ್ಪು ತಿಂದವರಿಗೆ ಋಣ ಹತ್ತುತ್ತದೆ, ಹೋದವರನ್ನು ಋಣ ಹಾಕಿ ಹಿಡಿಯಬಾರದು ಎಂದು ಚೌಡವ್ವನ ಅತ್ತೆ ಹೇಳಿಕೊಟ್ಟದ್ದು. ಆ ಅತ್ತೆಗೂ ಈಗ ಹಾಗೇ ಎಡೆ ಹೋಗುತ್ತಿತ್ತು.

"ನಿಮ್ಮ ಹಿರೇವಡ್ಡಟ್ಟ್ಯಾಗ ಹಿಂಗ ಮಾಡ್ತಾರೇನು?" ಚೌಡವ್ವ ಸೊಸೆಯ ಕಡೆ ತಿರುಗಿದಳು. "ಜೀವಂತ ಇರೂ ಮನಿಶಾಗ ಎಡಿ ಇಡ್ತೀಯೇನ?"

"ಡಾಕ್ಟರ ಹೇಳ್ಯಾರ್ರಿ ಅತ್ತಿ..."

"ಡಾಕ್ಟರಗ ಮಗ್ಗ ಐತೇನು, ಮನಿದೇವ್ರು ಐತೇನು? ಮೊನ್ನೆ ಅಮಾಸಿಗೆ ಇಟ್ಟ ಎಡಿ ವಾಸನಿ ಇನ್ನೂ ಹೋಗಿಲ್ಲ ಅಡಿಗಿಮನ್ಯಾಗ."

ಬಾಬಣ್ಣ ತಟ್ಟೆ ದೂಡಿ ಎದ್ದ. ಏಳುವಾಗ ಕೈಯೂರಿದ. ನಾರಾಯಣಪ್ಪ, "ಅಪ್ಪ ಉಪವಾಸ ಮಲಗಿದ್ರ ನಿಂಗ ಸಮಾಧಾನ ಆಗ್ತೈತೇನು?" ಎಂದು ಹೆಂಡತಿಗೆ ಅಂದು ಉಪ್ಪಿದ್ದ ಗಡಿಗೆಯಿಂದ ತಾನು ಬಡಿಸಿಕೊಂಡ.

ಎರಡು ಗಡಿಗೆಯ ಸಂಸಾರ ಅಂದಿನಿಂದ ಶುರುವಾಯಿತು. ಹೊತ್ತಿಗೆ ಮುಂಚೆ ಎದ್ದು ನೀರು ತರಬೇಕು, ಬೀಸಬೇಕು, ನೂಲಿಗೆ ಗಂಜಿ ಕಾಯಿಸಬೇಕು, ರಾಟಿಯ ಮುಂದೆ ಕೂತು ಕಂಡಿಕೆ ಸುತ್ತಬೇಕು. ಲಾಳಿಯ ಹೊಟ್ಟೆಯಲ್ಲಿ ಇಡುವ ಆ ನೂಲಿನ ಉಂಡೆಗಳನ್ನು ಸುತ್ತುವುದು ಓಣಿಯಲ್ಲೆಲ್ಲ ಹೆಂಗಸರ ಪಾಲಿನ ಕೆಲಸ. ಅದರ ನಡುವೆ ಒಂದರ ಬದಲು ಎರಡು ಅಡಿಗೆ. ಸಾವಂತ್ರೆವ್ವನಿಗೆ ಕೂತಲ್ಲಿ ಕಣ್ಣು ಮುಚ್ಚುತ್ತಿದ್ದವು. ಬಾಬಣ್ಣ ಕುಣಿಯನ್ನೂ ಬಿಡಲಿಲ್ಲ. "ಇಳೀಲಿಲ್ಲಂದ್ರ ನಾನೂ ತುಕ್ಕು ಹಿಡೀತೀನಿ, ಹಣಿಗಿನೂ ತುಕ್ಕು ಹಿಡೀತೈತಿ" ಎಂದು ಬೆಳಿಗ್ಗೆಯೇ ಇಳಿಯುತ್ತಿದ್ದ. ನಾರಾಯಣಪ್ಪನಿಗೆ ಅಪ್ಪನ ಮಗ್ಗದಲ್ಲಿ ಕೂರು ಎಂದರೆ ಸಂಜೆ ಸಭೆ ಇತ್ತು, ಮುಂಜಾನೆ ಕಂಬ ನೆಡುವುದಿತ್ತು.

ಆದರೆ ಒಂದು ಸೋಜಿಗ. ಎರಡು ಹೊತ್ತು ಮುಖ ಗಂಟು ಹಾಕಿಕೊಂಡಿದ್ದ ಮಾವ ಮೂರನೆಯ ಹೊತ್ತಿಗೆ ತೆಪ್ಪಗೆ ಉಂಡ. ನಾಲ್ಕನೆಯ ಹೊತ್ತಿಗೆ, "ಹಾಂ, ಉಪ್ಪಿಲ್ದ ಊಟಾನೂ ರೂಢಿ ಆಗ್ತೈತಿ ನೋಡು" ಎಂದು ಹೊಗಳಿಯೂ ಹೊಗಳಿದ. ಬಡಿಸುವುದನ್ನು ಚೌಡವ್ವ ತಾನೇ ವಹಿಸಿಕೊಂಡಿದ್ದಳು. "ನೀ ರೊಟ್ಟಿ ಬಡಿ, ಅವರನ್ನ ನಾ ನೋಡ್ಕೋತೀನಿ" ಎನ್ನುತ್ತಿದ್ದಳು. ಸಾವಂತ್ರೆವ್ವ ದೇವರಿಗೆ ಕೈಮುಗಿದಳು.

ದೇವರು ಕೇಳಲಿಲ್ಲ. ಬಾವು ಮೊಣಕಾಲಿಗೆ ಏರಿತು. ಒಂದು ಬೆಳಗಿನ ಜಾವ ಬಾಬಣ್ಣ ಕಂಬ ಹಿಡಿದುಕೊಂಡು ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಿಟ್ಟ. ಡಾಕ್ಟರೇ ಮನೆಗೆ ಬಂದು ಸೂಜಿ ಚುಚ್ಚಿದರು. ಹೋಗುವಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಇಲ್ಲಿ ಅಡಿಗಿ ಮಾಡೂವರು ಯಾರು? ಉಪ್ಪು ಬ್ಯಾಡ ಅಂದ್ರ ತಿಳಿಯೂದಿಲ್ಲೇನು?" ಎಂದು ಗದರಿಸಿ ಹೋದರು.

ನಾರಾಯಣಪ್ಪ ಹೆಂಡತಿಯ ಮೇಲೆ ಹಾರಿದ. "ಹೇಳಿದ್ದು ಒಂದು ಕೆಲಸ. ಅದನ್ನೂ ಮಾಡಾಕ ಆಗ್ಲಿಲ್ಲ ನಿಂಗ."

"ನಾ ಹಾಕಿಲ್ರಿ."

"ಮತ್ತ ಉಪ್ಪೇನು ಮುಗಿಲಿಂದ ಉದುರ್ತೇನು?"

ಚೌಡವ್ವ ಒಳಗೆ ಗಂಡನ ಬೆನ್ನು ನೀವುತ್ತಿದ್ದಳು. ಈ ಕಡೆ ತಿರುಗಲಿಲ್ಲ.

ಅಂದು ಮಧ್ಯಾಹ್ನ ಮಾವ ಅರ್ಧ ಉಂಡು ಬಿಟ್ಟ ತಟ್ಟೆಯನ್ನು ಸಾವಂತ್ರೆವ್ವ ತೆಗೆದಳು. ಎರಡು ರೊಟ್ಟಿ ಒಂದರ ಮೇಲೊಂದು ಇದ್ದವು. ಮೇಲಿನದನ್ನು ಎತ್ತಿದರೆ ಅದರ ಹೊಟ್ಟೆಗೆ ಹರಳು ಹರಳಾಗಿ ಉಪ್ಪು ಅಂಟಿತ್ತು. ತಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ಹೋದಳು. ಚೌಡವ್ವ ಕಟ್ಟಿಗೆ ಜೋಡಿಸುತ್ತಿದ್ದಳು. ಸೊಸೆ ರೊಟ್ಟಿಯನ್ನು ಮಗುಚಿ ತೋರಿಸಿದಳು.

ಚೌಡವ್ವ ಕಟ್ಟಿಗೆ ಕೆಳಗಿಟ್ಟು ಅಲ್ಲೇ ಕುಕ್ಕರಿಸಿದಳು.

"ನೋಡಿದ್ಯಾ" ಎಂದಳು. "ಹೋಗು, ಹೇಳು ನಿನ್ನ ಗಂಡಗ. ನಿಂಗೂ ಬೈಸಿಕೊಂಡು ಸಾಕಾಗೇತಿ."

"ಯಾಕ ಅತ್ತಿ?"

"ಯಾಕಂದ್ರ? ಮದಿವಿಯಾಗಿ ಬಂದಾಗಿಂದ ಈ ಕೈಲೆ ಉಣಿಸೀನಿ. ನಮ್ಮತ್ತಿ ಸತ್ತಾಗ ಮೊದಲನೇ ಎಡಿ ನಾನ ಮಾಡಿದೆ. ಉಪ್ಪಿಲ್ದ ಪಲ್ಲೆ ಬಡಿಸುವಾಗ ಸೌಟು ಕೈಯಿಂದ ಜಾರಿ ಬಿದ್ದಿತ್ತು. ಈಗ ದಿನಾ ಎರಡು ಹೊತ್ತು ಅದನ್ನ ಇವರ ಮುಂದ ಇಡು ಅಂತಿ. ಇಡೂವಾಗೆಲ್ಲಾ ಇವರನ್ನ ನಾನ ಕಳಿಸಿಕೊಟ್ಟಂಗ ಆಗ್ತೈತಿ. ಉಪ್ಪಿನ ಋಣ ಇರೋತನಕ ಹೋಗೂದಿಲ್ಲ ಇವರು, ಅಂತ ಹಾಕಿದೆ."

"ಉಪ್ಪ ಕಳಸಾಕತ್ತೈತಿ ಅತ್ತಿ ಅವರನ್ನ."

ಚೌಡವ್ವ ಸೆರಗಿನಿಂದ ಮುಖ ಒರೆಸಿದಳು. ಅಳುತ್ತಿರಲಿಲ್ಲ, ದಣಿದಿದ್ದಳು. ಸಾವಂತ್ರೆವ್ವನೂ ಅವಳ ಪಕ್ಕದಲ್ಲಿ ಕಟ್ಟಿಗೆಯ ಮೇಲೆ ಕೂತಳು. ಅತ್ತೆಯ ಸರಿಸಮ ಕೂತದ್ದು ಅದೇ ಮೊದಲು, ಅದು ಇಬ್ಬರ ಗಮನಕ್ಕೂ ಬರಲಿಲ್ಲ. ಒಂದು ಕೋಳಿ ಬಂದು ತಟ್ಟೆಯ ಅಂಚು ಕುಕ್ಕಿ ಹೋಯಿತು.

"ಅತ್ತಿ, ಎಡಿ ಅಂದ್ರ ಬ್ಯಾರೆ ಗಡಿಗ್ಯಾಗ ಮಾಡೂದು, ಹೌದಲ್ರಿ?"

"ಹೂಂ."

"ಮನಿಮಂದಿ ಎಲ್ಲಾರೂ ಅದ ಗಡಿಗ್ಯಾಗಿಂದು ಉಂಡ್ರ ಅದು ಎಡಿ ಆಗ್ತೈತೇನ್ರಿ?"

ಚೌಡವ್ವ ಸೊಸೆಯ ಮುಖ ನೋಡಿದಳು. "ಎಲ್ಲಾರೂ ಅಂದ್ರ?"

"ಎಲ್ಲಾರೂ."

ಆ ರಾತ್ರಿ ಒಲೆಯ ಮೇಲೆ ಒಂದೇ ಗಡಿಗೆ ಇತ್ತು. ನಾರಾಯಣಪ್ಪ ಗದಗಿನಿಂದ ಹಸಿದು ಬಂದವನು, ಕೈಗೆ ಬಾವುಟದ ಬಣ್ಣ ಮೆತ್ತಿತ್ತು. ಮೊದಲ ತುತ್ತಿಗೇ ಕೆಂಡವಾದ.

"ಇದೇನಿದು? ಬ್ಯಾನಿ ಅಪ್ಪಗ, ಪಥ್ಯ ನನಗ?"

"ಇನ್ನ ಮ್ಯಾಲೆ ಇದ" ಎಂದಳು ಸಾವಂತ್ರೆವ್ವ.

"ನಾ ದಿನಾ ಹತ್ತು ಕೆಲಸ ಮಾಡಿ ಬರ್ತೀನಿ. ಉಪ್ಪು ತಾ."

"ತರೂದಿಲ್ಲ."

ಬಾಬಣ್ಣ ಅಗಿಯುವುದನ್ನು ನಿಲ್ಲಿಸಿದ. ಸಾವಂತ್ರೆವ್ವನ ಬಾಯಿಗೆ ಬಂದದ್ದು ಹಿಂದೆ ಹೋಗಲಿಲ್ಲ.

"ಊರ ತುಂಬ ಒಂದಾಗ್ರಿ ಒಂದಾಗ್ರಿ ಅಂತ ಗಂಟಲ ಹರಕೊಂಡು ಬರ್ತೀರಿ. ಬೀದರದವರು ಬೇಕು, ಬಳ್ಳಾರಿಯವರು ಬೇಕು, ಮೈಸೂರವರು ಬೇಕು. ಮನ್ಯಾಗ ಅಪ್ಪನ ಕೂಡ ಒಂದ ಗಡಿಗ್ಯಾಗ ಉಣ್ಣಾಕ ಆಗೂದಿಲ್ಲೇನು ನಿಮಗ?"

ನಾರಾಯಣಪ್ಪನ ಕೈ ತಟ್ಟೆಯ ಮೇಲೇ ನಿಂತಿತು. ಆಮೇಲೆ ಬಾಬಣ್ಣ ಗೊರಗೊರ ನಕ್ಕ, ನಗುವುದಕ್ಕೂ ಅವನಿಗೆ ದಮ್ಮು ಸಾಲಲಿಲ್ಲ.

"ಉಣ್ಣೋ ಮಗನ" ಎಂದ. "ನಿನ್ನ ರಾಜ್ಯ ಒಂದಾಗೂದು ಆಮ್ಯಾಲೆ." ನಂತರ ಹೆಂಡತಿಯ ಕಡೆ ತಿರುಗಿ, ದನಿ ತಗ್ಗಿಸಿ, "ನೀನೂ ಉಣ್ಣು. ರೊಟ್ಟಿ ನಡುವ ಏನೂ ಹುಡುಕಬ್ಯಾಡ" ಎಂದ.

ಅವನಿಗೆ ಗೊತ್ತಿತ್ತು, ಮೊದಲಿನಿಂದಲೂ.

ಸಾವಂತ್ರೆವ್ವ ಊಟ ಇಳಿಯಲಿ ಎಂದು ತಲೆ ಕೆಡಿಸಿಕೊಂಡಳು. ತವರಿನಿಂದ ಅಗಸೆ ತರಿಸಿ ಹುರಿದು, ಕೆಂಪು ಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಿ ಚಟ್ನಿಪುಡಿಯಂಥ ಹಿಂಡಿ ಮಾಡಿದಳು. ಹಸಿ ಹಕ್ಕರಿಕೆ ಸೊಪ್ಪು, ಮೂಲಂಗಿ ತೊಳೆದು ತಟ್ಟೆಗೆ ಇಟ್ಟಳು, ಲಿಂಬೆ ಹಿಂಡಿದಳು. ಹಳೆಯ ಕರಿದ ಎಣ್ಣೆಯ ಡಬ್ಬಿಯನ್ನು ದೀಪಕ್ಕೆ ಇಟ್ಟಳು. ಅದು ಉರಿಯುವಾಗ ಎಷ್ಟು ಕಮಟು ವಾಸನೆ ಬಂತೆಂದರೆ ಚೌಡವ್ವನೇ, "ಇದನ್ನ ತಿಂತಿದ್ವಾ ನಾವು?" ಎಂದು ಮೂಗು ಮುಚ್ಚಿಕೊಂಡಳು. ಬಾಬಣ್ಣ ದನದಂತೆ ಸೊಪ್ಪು ಅಗಿಯುತ್ತ, "ಇನ್ನ ಕೊಂಬು ಮೂಡೂದೊಂದು ಬಾಕಿ" ಎನ್ನುತ್ತಿದ್ದ. ಮೆಲ್ಲಗೆ ಬಾವು ಮೊಣಕಾಲಿಂದ ಇಳಿಯಿತು, ಆಮೇಲೆ ಮೀನಖಂಡದಿಂದ.

ಇಳಿದದ್ದೇ ತಡ, ಕುಣಿಯ ಹಟ ಜೋರಾಯಿತು. ಒಂದು ಮುಂಜಾನೆ ಯಾರೂ ಇಲ್ಲದಾಗ ಇಳಿದೇಬಿಟ್ಟ. ಲಾಳಿ ಸ್ವಲ್ಪ ಹೊತ್ತು ಓಡಿ ನಿಂತಿತು. ಮತ್ತೆ ಶುರುವಾಗಲಿಲ್ಲ. ಸಾವಂತ್ರೆವ್ವ ಹೋಗಿ ನೋಡಿದಳು. ಕೈ ಮಗ್ಗದ ಮೇಲೆ ಇತ್ತು, ತುಟಿ ನೀಲಿಯಾಗಿತ್ತು, ಏಳಲು ಆಗುತ್ತಿರಲಿಲ್ಲ. ಅವಳು ಕೂಗಿದ್ದಕ್ಕೆ ಗೋಡೆಯಾಚೆಯಿಂದ ಮೌಲಾಸಾಬ ಓಡಿಬಂದ. ಇಬ್ಬರೂ ಸೇರಿ ಕಂಕುಳಿಗೆ ಕೈಹಾಕಿ ಮೇಲೆ ಎಳೆದರು.

ಚೌಡವ್ವ ಬೈಯಲಿಲ್ಲ. ಹಿತ್ತಲಿನಿಂದ ಒಂದು ಹಲಗೆ ತಂದು ಕುಣಿಯ ಬಾಯಿಗೆ ಅಡ್ಡ ಹಾಕಿದಳು. ಅದರ ಮೇಲೆ ತಾನು ಕೂತಳು.

"ಇಳೀರಿ ನೋಡೂಣ."

"ಎಷ್ಟು ದಿನ ಕೂಡ್ತಿ?"

"ನೀವು ಸಾಯೂತನಕ."

ಮಧ್ಯಾಹ್ನ ನಾರಾಯಣಪ್ಪ ಬಂದ. ನಡೆದದ್ದು ಕೇಳಿ ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ ಅಂಗಿ ಕಳಚಿ ಗೂಟಕ್ಕೆ ಹಾಕಿ, "ಏಳವ್ವಾ" ಎಂದು ತಾಯಿಯನ್ನು ಎಬ್ಬಿಸಿ, ಹಲಗೆ ಸರಿಸಿ ಕುಣಿಗೆ ಇಳಿದ. ಕರೆಯಲು ಬಂದ ಗೆಳೆಯರಿಗೆ, "ಕಂಬ ನೀವು ನೆಡ್ರಿ" ಎಂದು ಒಳಗಿನಿಂದಲೇ ಕೂಗಿದ.

ಬಾಬಣ್ಣನಿಗೆ ಕೆಲಸ ಉಳಿಯಲಿಲ್ಲ. ಗೋಡೆ ನೋಡಿದ, ಮಾಡು ನೋಡಿದ, ನೆಲ ನೋಡಿದ. ಮೂರನೆಯ ದಿನ ಸಾವಂತ್ರೆವ್ವ ರಾಟಿಯನ್ನು ಅವನ ಹತ್ತಿರಕ್ಕೆ ಸರಿಸಿ, ನೂಲಿನ ಲಡಿ ಇಟ್ಟು ಒಲೆಯ ಕಡೆ ಹೋದಳು.

"ಇದೇನು, ನನ್ನ ಹೆಂಗಸ ಮಾಡಾಕ ಹೊಂಟೀರಿ?"

"ಕಾಲು ಚಾಚಿ ಕೂಡೂ ಕೆಲಸ ಇದೊಂದ ಐತ್ರಿ ಮಾವಾರ" ಎಂದಳು ಒಳಗಿನಿಂದ.

ಸಂಜೆಯ ಹೊತ್ತಿಗೆ ಕುಣಿಯಿಂದ ನಾರಾಯಣಪ್ಪನ ಕೂಗು ಎದ್ದಿತು. "ಯಾರು ಸುತ್ಯಾರ ಈ ಕಂಡಿಕಿ? ಒಂದು ಕಡೆ ಬಿಗಿ, ಒಂದು ಕಡೆ ಸಡ್ಲ! ಎಳಿ ಹರದು ಹರದು ಜೀವ ಸಾಕಾತು. ಕಣ್ಣು ಎಲ್ಲಿ ಇಟ್ಟಿರ್ತೀರಿ?"

ಅದೇ ಬೈಗುಳ, ಅದೇ ಧಾಟಿ. ಮೂವತ್ತು ವರ್ಷ ಬಾಬಣ್ಣ ಆ ಕುಣಿಯಿಂದ ಚೌಡವ್ವನಿಗೆ, ಆಮೇಲೆ ಮಗಳಿಗೆ, ಆಮೇಲೆ ಸೊಸೆಗೆ ಕೂಗಿದ್ದು. ಅಡಿಗೆಮನೆಯಲ್ಲಿ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೌಡವ್ವ ಬಾಯಿಗೆ ಸೆರಗು ತುರುಕಿಕೊಂಡಳು.

ರಾಟಿಯ ಮುಂದಿನಿಂದ ಸಣ್ಣ ದನಿ ಬಂತು.

"ನಾನಪ್ಪಾ. ನಾಳಿಂದ ಸುಮಾರ ಆಗ್ತೈತಿ ತಗೋ."

ರಾಜ್ಯ ಒಂದಾಗುವ ದಿನಕ್ಕೆ ದೀಪಾವಳಿಯೂ ಕೂಡಿಕೊಂಡು ಬಂತು. ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು ಶಂಕ್ರೆವ್ವ ಹಬ್ಬಕ್ಕೆ ಬಂದಳು, ಡಬ್ಬಿಯ ತುಂಬ ಕರ್ಚಿಕಾಯಿ, ಚಕ್ಕುಲಿ ತಂದಿದ್ದಳು. ಅಪ್ಪ ಸೊರಗಿದ್ದು ನೋಡಿ ಅತ್ತಳು. ಊಟಕ್ಕೆ ಕೂತು ತುತ್ತು ಬಾಯಿಗಿಟ್ಟವಳು ಅಳು ನಿಲ್ಲಿಸಿ ಅತ್ತಿಗೆಯ ಕಡೆ ತಿರುಗಿದಳು.

"ಇದ್ಯಾವ ಊಟ? ನಮ್ಮಪ್ಪ ಇಳಿದು ಹೋಗ್ಯಾನ ಅಂದ್ರ ಇನ್ನೇನಾಗಬೇಕು! ಬೆಕ್ಕೂ ಮುಟ್ಟೂದಿಲ್ಲ ಇದನ್ನ. ನೀ ಬಂದ ಮ್ಯಾಲೆ ಈ ಮನ್ಯಾಗ ಉಪ್ಪಿಗೂ ಗತಿ ಇಲ್ಲದಂಗ ಆತೇನು?"

ಸಾವಂತ್ರೆವ್ವ ತಲೆ ತಗ್ಗಿಸಿದಳು.

"ಅಕಿಗೆ ಯಾಕ ಅಂತಿ?" ಚೌಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು. "ನಾನ ಬ್ಯಾಡ ಅಂದೀನಿ. ಉಣ್ಣೂದಿದ್ರ ಉಣ್ಣು. ಇಲ್ಲಾಂದ್ರ ನಿನ್ನ ಡಬ್ಬಿ ಹೊರಗ ಕಟ್ಟಿ ಮ್ಯಾಲೆ ಐತಿ, ಅಲ್ಲಿ ಕುಂತು ತಿನ್ನು. ಒಳಗ ತರಬ್ಯಾಡ."

ರಾತ್ರಿ ಗದಗಿನ ಕಡೆಯಿಂದ ಬ್ಯಾಂಡಿನ ಸದ್ದು ಕೇಳಿಸಿತು. ಓಣಿಯ ಮನೆಮನೆಗೂ ಹಣತೆ. ಬಾಬಣ್ಣ ಗೋಡೆ ಹಿಡಿದುಕೊಂಡು ತಾನೇ ಬಾಗಿಲ ತನಕ ಬಂದು ಕಟ್ಟೆಯ ಮೇಲೆ ಕೂತ. ಮೆರವಣಿಗೆಗೆ ಹೊರಟ ನಾರಾಯಣಪ್ಪ ಅಪ್ಪನ ಕೈಗೆ ಸಣ್ಣದೊಂದು ಬಾವುಟ ಕೊಟ್ಟ. ಬಾಬಣ್ಣ ಅದರ ಬಟ್ಟೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, "ಗಿರಣಿ ಬಟ್ಟಿ" ಎಂದು ಪಕ್ಕಕ್ಕಿಟ್ಟ. ಆದರೂ ದೀಪ ಆರುವ ತನಕ ಕೂತು ನೋಡಿದ. ಆ ರಾತ್ರಿ ಚಾಪೆಯ ಮೇಲೆ ಬೆನ್ನು ಚಾಚಿ ಮಲಗಿದ.

ಆಮೇಲೂ ಒಂದು ಚಳಿಗಾಲ, ಒಂದು ಬೇಸಿಗೆ ಬಾಬಣ್ಣ ಇದ್ದ. ಕಂಡಿಕೆ ಸುತ್ತುವುದರಲ್ಲಿ ಕೈ ಕೂತಿತು. ಕೊನೆಗೆ ಓಣಿಯ ಹೆಂಗಸರ ಕಂಡಿಕೆಯಲ್ಲೂ ತಪ್ಪು ಎಣಿಸುವಷ್ಟು ಆಯಿತು. ಶ್ರಾವಣದ ಒಂದು ಮಧ್ಯಾಹ್ನ ರಾಟಿಯ ಮುಂದೆ ಕೂತವನು ಹಾಗೆಯೇ ಗೋಡೆಗೆ ಆನಿಕೊಂಡ. ಕುಣಿಯಿಂದ ನಾರಾಯಣಪ್ಪ, "ಅಪ್ಪಾ, ಕಂಡಿಕಿ" ಎಂದು ಎರಡು ಸಲ ಕರೆದ. ಡಾಕ್ಟರು ಬಂದು ನೋಡಿ, ಈ ಹೃದಯ ಇಷ್ಟು ದಿನ ಹೇಗೆ ನಡೆಯಿತೋ ಎಂದರು.

ದಸರೆಗೆ ಮುಂಚಿನ ಅಮಾವಾಸ್ಯೆ ಬಂತು. ಎಡೆಯ ಅಡಿಗೆಗೆ ಬೇರೆ ಗಡಿಗೆ ತೆಗೆಯಬೇಕೆ ಎಂದು ಸಾವಂತ್ರೆವ್ವ ಕೇಳಲು ಹೋಗಲಿಲ್ಲ. ಮನೆಯ ಅಡಿಗೆಗೆ ಈಗಲೂ ಉಪ್ಪು ಇರಲಿಲ್ಲ. ಮತ್ತೆ ಹಾಕಬೇಕೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನಾಲಿಗೆಗೂ ಅದೇ ರೂಢಿಯಾಗಿತ್ತು. ರೊಟ್ಟಿ, ಪುಂಡಿ ಪಲ್ಲೆ, ಹೋಳಿಗೆ, ಅನ್ನ, ಸಾರು ಎಲ್ಲ ಆದವು. ಎಲೆ ಹಾಕಿ, ಬಾಬಣ್ಣನ ರುಮಾಲು, ಹಳೆಯ ಲಾಳಿ ಇಟ್ಟರು.

ಬಡಿಸುವ ಮುಂಚೆ ಚೌಡವ್ವ ಎದ್ದು ಅಡಿಗೆಮನೆಗೆ ಹೋದಳು. ಮೂಲೆಯಿಂದ ಉಪ್ಪಿನ ಮಡಕೆ ತಂದಳು. ಅದರ ಮುಚ್ಚಳಕ್ಕೆ ಜೇಡ ಬಲೆ ಕಟ್ಟಿತ್ತು. ಒಳಗೆ ಕೈಹಾಕಿ ಹಿಡಿ ತುಂಬ ತೆಗೆದು, ಪಲ್ಲೆಗೆ ಹಾಕಿದಳು, ಸಾರಿಗೆ ಹಾಕಿದಳು.

"ಅತ್ತಿ" ಎಂದಳು ಸಾವಂತ್ರೆವ್ವ, ಮೆಲ್ಲಗೆ. "ಎಡಿಗೆ ಹಾಕಬಾರ್ದಲ್ರಿ. ಋಣ ಹತ್ತತೈತಿ ಅಂತೀರಿ."

"ಹತ್ತಲಿ." ಚೌಡವ್ವ ಸೌಟಿನಿಂದ ಕದಡಿದಳು. "ಬಾಯಿ ಕಟ್ಟಿಕೊಂಡು ಹೋದ ಮನಿಶಾ. ಒಂದು ಹೊತ್ತಾದ್ರೂ ರುಚಿಲೆ ಉಣ್ಣಲಿ."

ಸಾವಂತ್ರೆವ್ವ ಗಡಿಗೆ ಹಿಡಿದು ನಿಂತಳು, ಅತ್ತೆ ಬಡಿಸಿದಳು.

ಎಡೆ ತೆಗೆದ ಮೇಲೆ ಅದನ್ನೇ ಮೂವರೂ ಹಂಚಿಕೊಂಡು ಉಂಡರು. ವರ್ಷದಿಂದ ಉಪ್ಪು ಮರೆತ ನಾಲಿಗೆಗೆ ಪಲ್ಲೆ ಚುರುಗುಟ್ಟಿತು. ನಾರಾಯಣಪ್ಪನ ಕಣ್ಣಲ್ಲಿ ನೀರು ಬಂತು, ಚರಿಗೆ ಎತ್ತಿ ನೀರು ಕುಡಿದ. ಮತ್ತೆ ರೊಟ್ಟಿ ಮುರಿದ. ಉಪ್ಪಾಯಿತೆಂದು ಯಾರೂ ಅನ್ನಲಿಲ್ಲ.